ಊರಿನ ಬೇಡಿಕೆ, ಊರಿನ ಬೊಕ್ಕಸ
(ಸದಸ್ಯರ ಅಭ್ಯಾಸ ವರ್ಗಕ್ಕಾಗಿ ಒಂದು ಪಾಠ)



ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲ್ಲೂಕುಗಳಲ್ಲಿ ನಾಗರಿಕ ಸಮಿತಿಗಳು, ಅಭಿವೃದ್ಧಿ ಹೋರಾಟ ಸಮಿತಿಗಳು ಆಗಾಗ ಸಭೆ ಸೇರಿ ಮನವಿ ಸಲ್ಲಿಸುತ್ತಿರುವುದು ತಮಗೆಲ್ಲ ತಿಳಿದ ಸಂಗತಿ. ರಸ್ತೆ ಆಗಬೇಕು, ಕಾಲುಸಂಕ ಆಗಬೇಕು, ವೈದ್ಯರು ಬರಬೇಕು, ಶಾಲೆ ಮುಚ್ಚಬಾರದು, ಬಸ್ಸು ಹೊತ್ತಿಗೆ ಸರಿಯಾಗಿ ಬರಬೇಕು, ಪಂಚಾಯತಿಗೆ ಹೆಚ್ಚು ಅನುದಾನ ಬೇಕು. ಇವು ಆ ಮನವಿಗಳ ಸಾರಾಂಶ. ಬೇಡಿಕೆಗಳಲ್ಲಿ ಅನ್ಯಾಯವಾದದ್ದು ಯಾವುದೂ ಇಲ್ಲ. ಆದರೂ ಅವುಗಳಲ್ಲಿ ಬಹಳಷ್ಟು ವರ್ಷದಿಂದ ವರ್ಷಕ್ಕೆ ಅದೇ ಮಾತಿನಲ್ಲಿ ಮರಳಿ ಬರುತ್ತಿವೆ. ಇದಕ್ಕೆ ಕಾರಣವೇನು? ಸರಕಾರದ ಉದಾಸೀನ ಒಂದು ಕಾರಣವೆಂಬುದು ನಿಜ. ಆದರೆ ತಪ್ಪು ಬಾಗಿಲನ್ನು ತಟ್ಟುವುದು, ಹಣದ ದಾರಿ ತಿಳಿಯದೆ ಕೇಳುವುದು, ಕೇಳಿದ ಮೇಲೆ ಲೆಕ್ಕ ಹಿಡಿಯದೆ ಬಿಡುವುದು, ಇವೂ ಕಾರಣಗಳೇ. ಈ ಪಾಠದಲ್ಲಿ ನಾವು ಅಂಥ ಬೇಡಿಕೆಗಳನ್ನು ಒಂದೊಂದಾಗಿ ಎತ್ತಿಕೊಂಡು, ಯಾವುದು ಯಾರಿಗೆ ಸಲ್ಲಬೇಕಾದದ್ದು, ಯಾವುದಕ್ಕೆ ಹಣ ಎಲ್ಲಿಂದ ಬರುತ್ತದೆ, ತೋಟಿಗರಾದ ನಮ್ಮ ಪಾಲು ಏನು ಎಂಬುದನ್ನು ವಿಚಾರ ಮಾಡೋಣ.

1. ಸ್ವಲ್ಪ ಹಿನ್ನೆಲೆ

ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಹಳಬರ ಬಾಯಲ್ಲಿ ಇಂದಿಗೂ 'ಲೋಕಲ್ ಬೋರ್ಡ್' ಎಂಬ ಮಾತು ಬರುವುದು ಆ ಕಾಲದ ಗುರುತು. ರಾಜ್ಯಗಳ ಪುನರ್ವಿಂಗಡಣೆಯ ನಂತರ 1959ರಲ್ಲಿ ಇಡೀ ಮೈಸೂರು ರಾಜ್ಯಕ್ಕೆ ಅನ್ವಯಿಸುವ ಗ್ರಾಮ ಪಂಚಾಯತಿ ಮತ್ತು ಲೋಕಲ್ ಬೋರ್ಡುಗಳ ಕಾಯಿದೆ ಬಂದಿತು. 1983ರಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ಗ್ರಾಮೀಣಾಭಿವೃದ್ಧಿ ಮಂತ್ರಿಗಳಾಗಿದ್ದಾಗ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಕಾಯಿದೆ ರೂಪುಗೊಂಡು, 1987ರಲ್ಲಿ ಚುನಾವಣೆ ನಡೆದು, ಜಿಲ್ಲೆಯ ಆಡಳಿತ ಚುನಾಯಿತರ ಕೈಗೆ ಬಂದಿತು. ಹಳ್ಳಿ ಹಳ್ಳಿಗೆ ಕೊಳವೆ ಬಾವಿ ತೋಡಿಸಿದ್ದರಿಂದ ಜನರು ಅವರನ್ನು 'ನೀರ್ ಸಾಬ್' ಎಂದೇ ಕರೆದರು.

ಸಂವಿಧಾನದ 73ನೆಯ ತಿದ್ದುಪಡಿಯ ನಂತರ 1993ರಲ್ಲಿ ಈಗಿನ ಪಂಚಾಯತ್ ರಾಜ್ ಕಾಯಿದೆ ಜಾರಿಗೆ ಬಂದಿತು. ಗ್ರಾಮ, ತಾಲ್ಲೂಕು, ಜಿಲ್ಲೆ ಎಂಬ ಮೂರು ಹಂತಗಳು ಏರ್ಪಟ್ಟವು. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಇದೆ. ಕುಡಿಯುವ ನೀರು, ರಸ್ತೆ, ಕಾಲುವೆ, ಶಾಲೆ, ಆರೋಗ್ಯ, ಸಣ್ಣ ನೀರಾವರಿ ಎಲ್ಲವೂ ಅದರಲ್ಲಿ ಸೇರಿವೆ. ಆದರೆ ಇಲ್ಲಿ ಒಂದು ಮಾತನ್ನು ಮರೆಯಬಾರದು. ಪಟ್ಟಿಯಲ್ಲಿ ವಿಷಯ ಇರುವುದು ಬೇರೆ, ಆ ವಿಷಯಕ್ಕೆ ಬೇಕಾದ ಹಣ ಮತ್ತು ನೌಕರರು ಪಂಚಾಯತಿಯ ಕೈಯಲ್ಲಿ ಇರುವುದು ಬೇರೆ. ಶಾಲೆ ಪಟ್ಟಿಯಲ್ಲಿದೆ. ಮಾಸ್ತರರ ನೇಮಕ, ವರ್ಗ, ಸಂಬಳ ರಾಜ್ಯದ ಇಲಾಖೆಯಲ್ಲಿದೆ. ನಮ್ಮ ಬೇಡಿಕೆ ಪಟ್ಟಿಗಳು ಎಡವುವುದು ಬಹುಮಟ್ಟಿಗೆ ಈ ಅಂತರದಲ್ಲಿಯೇ.

2. ಬಾಗಿಲು ಯಾವುದು?

ನಾಲ್ಕು ತಾಲ್ಲೂಕುಗಳ ವ್ಯವಸ್ಥೆ ಒಂದೇ ತೆರನಾಗಿಲ್ಲ. ದಾಂಡೇಲಿಯಲ್ಲಿ ನಗರಸಭೆ, ಹಳಿಯಾಳದಲ್ಲಿ ಪುರಸಭೆ, ಮುಂಡಗೋಡದಲ್ಲಿ ಪಟ್ಟಣ ಪಂಚಾಯತಿ ಇವೆ. ದಾಂಡೇಲಿ ಮೊದಲು ಹಳಿಯಾಳ ತಾಲ್ಲೂಕಿಗೆ ಸೇರಿದ್ದು, 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಜೋಯಿಡಾದ ತೋಟಿಗರಿಗೆ ಮಾತ್ರ ಗ್ರಾಮ ಪಂಚಾಯತಿಯೇ ಮೊದಲ ಬಾಗಿಲು. ವಿಧಾನಸಭೆಯ ಲೆಕ್ಕದಲ್ಲಿ ಹಳಿಯಾಳ, ದಾಂಡೇಲಿ, ಜೋಯಿಡಾ ಒಂದು ಕ್ಷೇತ್ರದಲ್ಲಿವೆ. ಮುಂಡಗೋಡವು ಯಲ್ಲಾಪುರ ಕ್ಷೇತ್ರಕ್ಕೆ ಸೇರಿದೆ. ನಾಲ್ಕೂ ತಾಲ್ಲೂಕುಗಳ ಪರವಾಗಿ ಒಂದೇ ಮನವಿ ಬರೆಯುವವರು ಇದನ್ನು ಗಮನಿಸತಕ್ಕದ್ದು.

ಇನ್ನು ರಸ್ತೆಯ ವಿಚಾರ. ತೋಟಿಗನಿಗೆ ಮನೆಯಿಂದ ಪೇಟೆಯವರೆಗೆ ರಸ್ತೆ ಒಂದೇ. ಸರಕಾರಕ್ಕೆ ಅದು ನಾಲ್ಕೈದು ತುಂಡು. ಮಜರೆಯೊಳಗಿನ ರಸ್ತೆ ಗ್ರಾಮ ಪಂಚಾಯತಿಯದು. ಹಳ್ಳಿಯಿಂದ ಹಳ್ಳಿಗೆ ಹೋಗುವುದು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದು. ಜಿಲ್ಲಾ ಮುಖ್ಯ ರಸ್ತೆ ಮತ್ತು ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯವು. ನಡುವೆ ಕಾಡಿನಲ್ಲಿ ಹಾಯುವ ತುಂಡು ಅರಣ್ಯ ಇಲಾಖೆಯ ಹೆಸರಿನಲ್ಲಿ ಇರಬಹುದು. ಆದಕಾರಣ 'ನಮ್ಮ ಊರಿನ ರಸ್ತೆ ಸರಿಪಡಿಸಿ' ಎಂದು ಬರೆದ ಮನವಿ ಯಾರ ಮೇಜಿನ ಮೇಲೂ ನಿಲ್ಲುವುದಿಲ್ಲ. 'ಇಂಥಲ್ಲಿಂದ ಇಂಥಲ್ಲಿಗೆ ಇಷ್ಟು ಕಿಲೋಮೀಟರು, ಈ ವಿಭಾಗದ ದಾಖಲೆಯಲ್ಲಿರುವ ರಸ್ತೆ' ಎಂದು ಬರೆದರೆ ನಿಲ್ಲುತ್ತದೆ. ಯಾವ ತುಂಡು ಯಾರದೆಂಬುದನ್ನು ಪಂಚಾಯತಿಯ ರಸ್ತೆ ದಾಖಲೆ ನೋಡಿ ಮೊದಲೇ ತಿಳಿದುಕೊಳ್ಳಬೇಕು.

ವಿದ್ಯುತ್ತಿಗೆ ಹೆಸ್ಕಾಂ, ಬಸ್ಸಿಗೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮ, ಆಸ್ಪತ್ರೆಗೆ ಆರೋಗ್ಯ ಇಲಾಖೆ. ಇವುಗಳ ಮೇಲೆ ಗ್ರಾಮ ಪಂಚಾಯತಿಗೆ ಅಧಿಕಾರವಿಲ್ಲ. ಆದರೆ ಗ್ರಾಮಸಭೆಯ ಠರಾವಿಗೆ ಬೆಲೆಯಿದೆ. ಒಬ್ಬನ ಅರ್ಜಿಗಿಂತ ಠರಾವಿನ ನಕಲು ಲಗತ್ತಿಸಿದ ಅರ್ಜಿಗೆ ತೂಕ ಹೆಚ್ಚು.

3. ಹಣ ಎಲ್ಲಿಂದ ಬರುತ್ತದೆ?

ಗ್ರಾಮ ಪಂಚಾಯತಿಯ ಬೊಕ್ಕಸಕ್ಕೆ ಮುಖ್ಯವಾಗಿ ಮೂರು ದಾರಿಗಳಿಂದ ಹಣ ಬರುತ್ತದೆ. ಒಂದು, ಕೇಂದ್ರ ಹಣಕಾಸು ಆಯೋಗದ ಶಿಫಾರಸಿನಂತೆ ಬರುವ ಅನುದಾನ. ಎರಡು, ರಾಜ್ಯ ಸರಕಾರದ ಶಾಸನಬದ್ಧ ಅನುದಾನ ಮತ್ತು ಯೋಜನೆಗಳ ಹಣ. ಮೂರು, ಪಂಚಾಯತಿ ತಾನೇ ವಸೂಲು ಮಾಡುವ ಕರ, ದರ ಮತ್ತು ಶುಲ್ಕ.

ಮೊದಲನೆಯದನ್ನು ನೋಡೋಣ. 15ನೆಯ ಹಣಕಾಸು ಆಯೋಗವು 2021-22ರಿಂದ 2025-26ರವರೆಗಿನ ಅವಧಿಗೆ ಗ್ರಾಮೀಣ ಸಂಸ್ಥೆಗಳ ಅನುದಾನವನ್ನು ಎರಡು ಭಾಗ ಮಾಡಿತ್ತು. ನೂರರಲ್ಲಿ 60 ರೂಪಾಯಿ ನಿರ್ಬಂಧಿತ. ಅದರಲ್ಲಿ 30 ಕುಡಿಯುವ ನೀರಿಗೆ, 30 ನೈರ್ಮಲ್ಯಕ್ಕೆ. ಉಳಿದ 40 ರೂಪಾಯಿ ಮಾತ್ರ ಊರಿನ ಇತರ ಅಗತ್ಯಗಳಿಗೆ ಮುಕ್ತ. ಆ ಮುಕ್ತ ಹಣವನ್ನೂ ಸಂಬಳ, ಸಿಬ್ಬಂದಿ ವೆಚ್ಚಗಳಿಗೆ ಬಳಸುವಂತಿರಲಿಲ್ಲ. ಒಂದು ಲೆಕ್ಕ ಮಾಡಿ ನೋಡೋಣ. ಒಂದು ಪಂಚಾಯತಿಗೆ ವರ್ಷಕ್ಕೆ 20 ಲಕ್ಷ ರೂಪಾಯಿ ಬಂದಿತೆಂದು ಉದಾಹರಣೆಗೆ ಹಿಡಿಯಿರಿ. 12 ಲಕ್ಷ ನೀರು ಮತ್ತು ನೈರ್ಮಲ್ಯಕ್ಕೆ ಹೋಯಿತು. ಉಳಿದದ್ದು 8 ಲಕ್ಷ. ಹದಿನೈದು ಮಂದಿ ಸದಸ್ಯರು 'ನನ್ನ ವಾರ್ಡಿಗೆ, ನಿನ್ನ ವಾರ್ಡಿಗೆ' ಎಂದು ಹಂಚಿಕೊಂಡರೆ ತಲಾ 53 ಸಾವಿರ ಚಿಲ್ಲರೆ. ಆ ಹಣದಲ್ಲಿ ಹಳ್ಳಕ್ಕೆ ಒಂದು ಗಟ್ಟಿ ಸಂಕವೂ ಆಗುವುದಿಲ್ಲ. ಹಂಚಿ ತಿಂದರೆ ಹಸಿವು ಹಿಂಗದು, ಒಟ್ಟಿಗೆ ಹಾಕಿದರೆ ವರ್ಷಕ್ಕೊಂದು ಕೆಲಸವಾದರೂ ನಿಲ್ಲುತ್ತದೆ. ಈ ವರ್ಷ ಒಂದು ಮಜರೆಗೆ, ಬರುವ ವರ್ಷ ಇನ್ನೊಂದಕ್ಕೆ ಎಂಬ ಸರದಿಯನ್ನು ಗ್ರಾಮಸಭೆಯಲ್ಲಿ ಬರೆದು ನಿಶ್ಚಯಿಸುವುದೇ ಇದಕ್ಕೆ ಉಪಾಯ. ಆಯೋಗ ಬದಲಾದಂತೆ ಈ ಪ್ರಮಾಣಗಳೂ ಬದಲಾಗುವುದರಿಂದ, ಆಯಾ ವರ್ಷದ ಆದೇಶದ ಪ್ರತಿಯನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರಲ್ಲಿ ಕೇಳಿ ನೋಡಿಯೇ ಬೇಡಿಕೆ ಬರೆಯತಕ್ಕದ್ದು.

ಎರಡನೆಯ ದಾರಿಯಲ್ಲಿ ಒಂದು ಗಂಭೀರ ಸಂಗತಿಯಿದೆ. ಸಂವಿಧಾನದ 243ಇ ವಿಧಿಯಂತೆ ಪಂಚಾಯತಿಯ ಅವಧಿ ಐದು ವರ್ಷ. ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ಆಗಬೇಕು. ಆದರೆ ಕರ್ನಾಟಕದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ಕೇಂದ್ರ ಹಣಕಾಸು ಆಯೋಗದ ಅನುದಾನ ಚುನಾಯಿತ ಸಂಸ್ಥೆಗಳಿಗೆ ಎಂಬ ನಿಯಮವಿರುವುದರಿಂದ, ಚುನಾವಣೆ ತಪ್ಪಿದರೆ ಹಣವೂ ತಪ್ಪುತ್ತದೆ. ರಸ್ತೆ ಕೇಳುವ ಸಮಿತಿಗಳು 'ಹೊತ್ತಿಗೆ ಸರಿಯಾಗಿ ಚುನಾವಣೆ' ಎಂಬುದನ್ನು ಬೇಡಿಕೆ ಪಟ್ಟಿಯಲ್ಲಿ ಸೇರಿಸುವುದು ಬಹಳ ಕಡಿಮೆ. ಅದು ರಾಜಕೀಯ ಪಕ್ಷಗಳ ಮಾತೆಂದು ನಾವು ಬಿಟ್ಟುಬಿಡುತ್ತೇವೆ. ವಾಸ್ತವದಲ್ಲಿ ಅದು ಹಣದ ಮಾತು.

4. ತಲೆಯ ಲೆಕ್ಕ, ನೆಲದ ಲೆಕ್ಕ

ಈಗ ನಮ್ಮ ಪ್ರದೇಶಕ್ಕೆ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರೋಣ. ಜೋಯಿಡಾ ನಮ್ಮ ಜಿಲ್ಲೆಯ ಅತಿ ವಿಸ್ತಾರದ ತಾಲ್ಲೂಕು. 1,800 ಚದರ ಕಿಲೋಮೀಟರಿಗೂ ಮೇಲ್ಪಟ್ಟ ನೆಲ. 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು 52 ಸಾವಿರ. ಚದರ ಕಿಲೋಮೀಟರಿಗೆ 30 ಜನರೂ ಇಲ್ಲ. ಅದೇ ಜನಗಣತಿಯಲ್ಲಿ ಇಡೀ ರಾಜ್ಯದ ಸರಾಸರಿ 319. ಅಂದರೆ ಬಯಲು ಸೀಮೆಯಲ್ಲಿ ಒಂದು ಕಿಲೋಮೀಟರು ಪೈಪು ಹಾಕಿದರೆ ನೂರು ಮನೆಗೆ ನೀರು ಮುಟ್ಟುತ್ತದೆ. ಉಳವಿ, ಗುಂದ, ಕುಂಬಾರವಾಡಾ ಕಡೆಯ ಮಜರೆಗಳಲ್ಲಿ ಅಷ್ಟೇ ಪೈಪಿಗೆ ಮೂರೋ ನಾಲ್ಕೋ ಮನೆ. ಖರ್ಚು ನೆಲದಿಂದ ಹುಟ್ಟುತ್ತದೆ, ಅನುದಾನ ತಲೆಯಿಂದ ಹುಟ್ಟುತ್ತದೆ. ತೊಡಕು ಇರುವುದು ಇಲ್ಲಿಯೇ.

ಸರಕಾರದ ಮಾನದಂಡಗಳೆಲ್ಲ ಬಹುತೇಕ ತಲೆಯ ಲೆಕ್ಕದವು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಯಲಿನಲ್ಲಿ 30 ಸಾವಿರ ಜನ, ಗುಡ್ಡಗಾಡಿನಲ್ಲಿ 20 ಸಾವಿರ ಜನ ಎಂಬುದು ಮಾನದಂಡ. ಗುಡ್ಡಗಾಡಿನ ರಿಯಾಯಿತಿ ಹಿಡಿದರೂ 52 ಸಾವಿರ ಜನರಿಗೆ ಮೂರು ಕೇಂದ್ರ. ಆಗ ಒಂದೊಂದು ಕೇಂದ್ರದ ಪಾಲಿಗೆ 600 ಚದರ ಕಿಲೋಮೀಟರು. ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯುವಾಗ ಮರದಿಂದ ಬಿದ್ದವನನ್ನು ಆ ದೂರ ಸಾಗಿಸುವುದು ಹೇಗೆ ಎಂಬ ಪ್ರಶ್ನೆ ಆ ಲೆಕ್ಕದಲ್ಲಿ ಇಲ್ಲ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದಲ್ಲಿ ಬಂದಾಗ ಬಯಲಿನಲ್ಲಿ 500 ಜನರಿರುವ ವಸತಿ, ಗುಡ್ಡಗಾಡು ರಾಜ್ಯಗಳು, ಮರುಭೂಮಿ ಮತ್ತು ಬುಡಕಟ್ಟು ಅನುಸೂಚಿತ ಪ್ರದೇಶಗಳಲ್ಲಿ 250 ಜನರಿರುವ ವಸತಿ ಎಂಬ ಕಟ್ಟಳೆ ಇತ್ತು. ಕರ್ನಾಟಕದಲ್ಲಿ ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಪ್ರದೇಶ ಒಂದೂ ಇಲ್ಲ. ಹದಿನೈದು ಇಪ್ಪತ್ತು ಮನೆಗಳ ನಮ್ಮ ಮಜರೆ ಯಾವ ಕಟ್ಟಳೆಯೊಳಗೂ ಬರುವುದಿಲ್ಲ.

ಹಾಗಾದರೆ ನಾಗರಿಕ ಸಮಿತಿ ಏನನ್ನು ಕೇಳಬೇಕು? 'ಹೆಚ್ಚು ಅನುದಾನ ಕೊಡಿ' ಎಂದರೆ ಸಾಲದು. ಹಂಚಿಕೆಯ ಸೂತ್ರದಲ್ಲಿ ವಿಸ್ತೀರ್ಣಕ್ಕೆ ಹೆಚ್ಚು ತೂಕ ಕೊಡಿ ಎಂದು ಕೇಳಬೇಕು. 15ನೆಯ ಹಣಕಾಸು ಆಯೋಗವು ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯ ರಾಜ್ಯಗಳ ನಡುವೆ ಹಂಚುವಾಗ ಜನಸಂಖ್ಯೆಗೆ 90, ವಿಸ್ತೀರ್ಣಕ್ಕೆ 10 ಎಂಬ ತೂಕ ಇಟ್ಟಿತ್ತು. ಈ ತೂಕ ಬದಲಾದರೆ ಏನಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯೋಣ.

ಎರಡು ಪಂಚಾಯತಿಗಳು. ಮೊದಲನೆಯದರಲ್ಲಿ 6,000 ಜನ, 30 ಚದರ ಕಿಲೋಮೀಟರು. ಎರಡನೆಯದರಲ್ಲಿ 3,000 ಜನ, 120 ಚದರ ಕಿಲೋಮೀಟರು. ಹಂಚಬೇಕಾದ ಹಣ 100 ಲಕ್ಷ. ಬರೀ ಜನಸಂಖ್ಯೆಯಿಂದ ಹಂಚಿದರೆ ಮೊದಲನೆಯದಕ್ಕೆ 66.7 ಲಕ್ಷ, ಎರಡನೆಯದಕ್ಕೆ 33.3 ಲಕ್ಷ. ಜನಸಂಖ್ಯೆಗೆ 90, ವಿಸ್ತೀರ್ಣಕ್ಕೆ 10 ಇಟ್ಟರೆ 62 ಮತ್ತು 38. ಜನಸಂಖ್ಯೆಗೆ 70, ವಿಸ್ತೀರ್ಣಕ್ಕೆ 30 ಇಟ್ಟರೆ 52.7 ಮತ್ತು 47.3. ವಿಸ್ತಾರವಾದ ಪಂಚಾಯತಿಗೆ 33 ಲಕ್ಷದ ಬದಲು 47 ಲಕ್ಷ ಬರುವುದು ಬರೀ ಸೂತ್ರದ ಬದಲಾವಣೆಯಿಂದ.

ಈ ಮಾತನ್ನು ಹೇಳಬೇಕಾದ ಸ್ಥಳವೂ ಗೊತ್ತಿರಬೇಕು. ರಾಜ್ಯದೊಳಗಿನ ಹಂಚಿಕೆಗೆ ಶಿಫಾರಸು ಮಾಡುವುದು ರಾಜ್ಯ ಹಣಕಾಸು ಆಯೋಗ. ಸಂವಿಧಾನದ 243ಐ ವಿಧಿಯಂತೆ ಅದನ್ನು ಐದು ವರ್ಷಗಳಿಗೊಮ್ಮೆ ರಚಿಸಬೇಕು. ಕರ್ನಾಟಕದ ಐದನೆಯ ಆಯೋಗ 2023ರಲ್ಲಿ ನೇಮಕವಾಯಿತು. ಇಂಥ ಆಯೋಗಗಳು ಸ್ಥಳೀಯ ಸಂಸ್ಥೆಗಳ ಅಭಿಪ್ರಾಯ ಪಡೆಯುವುದುಂಟು. ಆ ಕಾಲಕ್ಕೆ ನಾಲ್ಕು ತಾಲ್ಲೂಕುಗಳ ಪಂಚಾಯತಿಗಳ ಠರಾವು, ಸಹಕಾರ ಸಂಘಗಳ ಬೆಂಬಲ, ಮೇಲಿನಂಥ ಲೆಕ್ಕ ಇವಿಷ್ಟು ಕೂಡಿದ ಒಂದು ಮನವಿ ಹೋಗಬೇಕು. ಜಿಲ್ಲಾಧಿಕಾರಿ ಕಚೇರಿಯೆದುರಿನ ನೂರು ಧರಣಿಗಳು ಮಾಡಲಾರದ್ದನ್ನು ಅಂಥ ಒಂದು ಮನವಿ ಮಾಡಬಹುದು.

ಇದಕ್ಕೆ ಎದುರು ವಾದವೂ ಇದೆ. ಹಳಿಯಾಳ, ಮುಂಡಗೋಡದ ಕೆಲವು ಭಾಗಗಳು ಬಯಲಿಗೆ ಹತ್ತಿರ. ಅಲ್ಲಿ ಜನ ಒತ್ತಾಗಿದ್ದಾರೆ. ವಿಸ್ತೀರ್ಣದ ತೂಕ ಹೆಚ್ಚಿದರೆ ಅಲ್ಲಿಯ ಪಂಚಾಯತಿಗೆ ಕಡಿಮೆಯಾಗಬಹುದು. ಬರಡು ಗುಡ್ಡಕ್ಕೆ ಹಣ ಕೊಟ್ಟು ಬಾಯಿರುವ ಜನರಿಗೆ ಕಡಿಮೆ ಮಾಡುವುದೇ ಎಂದು ಅವರು ಕೇಳಿದರೆ ತಪ್ಪಿಲ್ಲ. ನಮ್ಮ ನಾಲ್ಕು ತಾಲ್ಲೂಕುಗಳ ಒಗ್ಗಟ್ಟು ಉಳಿಯಬೇಕಾದರೆ ಈ ಮಾತನ್ನು ಮೊದಲೇ ಕೂತು ಬಗೆಹರಿಸಿಕೊಳ್ಳಬೇಕು. ವಿಸ್ತೀರ್ಣದ ಬದಲು 'ವಸತಿಗಳ ಸಂಖ್ಯೆ ಮತ್ತು ದೂರ' ಎಂಬ ಅಳತೆ ಹಿಡಿದರೆ ಎರಡು ಕಡೆಯವರಿಗೂ ಒಪ್ಪಿಗೆಯಾದೀತು ಎಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಖರ್ಚು ಬರುವುದು ಕಾಡಿಗಲ್ಲ, ದೂರ ದೂರ ಚದರಿದ ಮನೆಗಳಿಗೆ.

5. ಕಾಡಿನೊಳಗಿನ ಊರುಗಳು

ದಾಂಡೇಲಿ ಅಭಯಾರಣ್ಯ 1956ರಲ್ಲಿ, ಅಣಶಿ ರಾಷ್ಟ್ರೀಯ ಉದ್ಯಾನ 1987ರಲ್ಲಿ, ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶ 2007ರಲ್ಲಿ ಆದವು. 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಹೆಸರಾಯಿತು. ಅದರ ಒಳಗೂ ಅಂಚಿನಲ್ಲಿಯೂ ಇರುವ ಊರುಗಳಲ್ಲಿ ಪಂಚಾಯತಿ ಹಣ ಮಂಜೂರು ಮಾಡಿದರೂ 'ಅರಣ್ಯದ ಒಪ್ಪಿಗೆ ಇಲ್ಲ' ಎಂಬ ಒಂದು ಮಾತಿನಿಂದ ಕೆಲಸ ನಿಲ್ಲುವುದುಂಟು. ಹಣ ಖರ್ಚಾಗದೆ ಉಳಿಯುತ್ತದೆ, ಕೊನೆಗೆ ಬೇರೆ ಕಡೆಗೆ ಹೋಗುತ್ತದೆ.

ಇಲ್ಲಿ ಉಪಯೋಗಕ್ಕೆ ಬರುವುದು 2006ರ ಅರಣ್ಯ ಹಕ್ಕು ಕಾಯಿದೆಯ 3(2) ಕಲಮು. ಈ ಕಾಯಿದೆ ವೈಯಕ್ತಿಕ ಪಟ್ಟೆಗೆ ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಸದರಿ ಕಲಮಿನಂತೆ ಸರಕಾರ ನಿರ್ವಹಿಸುವ 13 ಬಗೆಯ ಸೌಲಭ್ಯಗಳಿಗೆ ಅರಣ್ಯ ಭೂಮಿ ಕೊಡಬಹುದು: ಶಾಲೆ, ಔಷಧಾಲಯ ಅಥವಾ ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ವಿದ್ಯುತ್ ಮತ್ತು ದೂರಸಂಪರ್ಕ ತಂತಿ, ಕೆರೆ ಮುಂತಾದ ಸಣ್ಣ ಜಲಾಶಯ, ಕುಡಿಯುವ ನೀರು ಮತ್ತು ಪೈಪು, ಮಳೆನೀರು ಕೊಯ್ಲಿನ ಕಟ್ಟಡ, ಸಣ್ಣ ನೀರಾವರಿ ಕಾಲುವೆ, ಅಸಾಂಪ್ರದಾಯಿಕ ಇಂಧನ, ವೃತ್ತಿ ತರಬೇತಿ ಕೇಂದ್ರ, ರಸ್ತೆ, ಸಮುದಾಯ ಭವನ. ಷರತ್ತುಗಳು ಮೂರು. ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಭೂಮಿ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಕೂಡದು, ಗ್ರಾಮಸಭೆಯ ಶಿಫಾರಸು ಇರಬೇಕು.

ಮೂರನೆಯ ಷರತ್ತು ನಮ್ಮ ಕೈಯಲ್ಲೇ ಇದೆ. ಗ್ರಾಮಸಭೆಯ ಠರಾವಿಲ್ಲದೆ ಅರ್ಜಿ ಮುಂದೆ ಹೋಗದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ 1972ರ ವನ್ಯಜೀವಿ ಕಾಯಿದೆಯ ಕಟ್ಟಳೆಯೂ ಇದೆಯಾದ್ದರಿಂದ, ಅಲ್ಲಿ ಕೆಲಸ ಹಿಡಿಯುವ ಮೊದಲು ಅರಣ್ಯ ಇಲಾಖೆಯ ಉತ್ತರವನ್ನು ಬರವಣಿಗೆಯಲ್ಲಿಯೇ ಪಡೆಯಬೇಕು. ಬಾಯಿಮಾತಿನ 'ಆಗುವುದಿಲ್ಲ' ಎಂಬುದಕ್ಕೆ ಮೇಲ್ಮನವಿ ಇಲ್ಲ. ಬರೆದು ಕೊಟ್ಟದ್ದಕ್ಕೆ ಇದೆ.

ಹುಲಿ ಸಂರಕ್ಷಿತ ಪ್ರದೇಶದಿಂದ ಹೊರಗೆ ಹೋಗಲು ಒಪ್ಪಿದ ಕುಟುಂಬಗಳಿಗೆ ಪರಿಹಾರ ಪ್ಯಾಕೇಜು ಇದೆ. ಕಾನೂನಿನಂತೆ ಸ್ಥಳಾಂತರ ಸ್ವಯಂಪ್ರೇರಿತವಾಗಿಯೇ ಇರಬೇಕು. ಹೋಗುವೆನೆನ್ನುವವರಿಗೆ ಹಣ ಹೊತ್ತಿಗೆ ಸಿಗಬೇಕು. ಇರುತ್ತೇನೆನ್ನುವವರಿಗೆ ದೀಪ, ನೀರು, ಶಾಲೆ ತಪ್ಪಬಾರದು. ಸೌಲಭ್ಯ ಕೊಡದೆ ಬೇಸರಪಡಿಸಿ ಎಬ್ಬಿಸಿದರೆ ಅದು ಸ್ವಯಂಪ್ರೇರಣೆಯಲ್ಲ. ನಾಗರಿಕ ಸಮಿತಿಗಳ ಈ ನಿಲುವು ನ್ಯಾಯವಾದದ್ದು.

6. ಕಾಳಿಯ ನೀರು, ಕಾಳಿಯ ಬೆಳಕು

ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟಿದಾಗ ಸೂಪಾ ಪೇಟೆಯೇ ಮುಳುಗಿ, ತಾಲ್ಲೂಕಿನ ಕೇಂದ್ರ ಜೋಯಿಡಾಕ್ಕೆ ಬಂದಿತು. ಮುಳುಗಡೆಯಾದವರಲ್ಲಿ ಅನೇಕರು ರಾಮನಗರದಲ್ಲಿ ನೆಲೆಯಾದರು. ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ತಯಾರಾಗುವ ವಿದ್ಯುತ್ತು ರಾಜ್ಯಕ್ಕೆ ಬೆಳಕು ಕೊಡುತ್ತಿದೆ. 'ನಮ್ಮ ನೀರಿನಿಂದ ಬಂದ ಆದಾಯದಲ್ಲಿ ನಮಗೆ ಪಾಲು ಬೇಕು' ಎಂಬ ಬೇಡಿಕೆ ಆಗಾಗ ಕೇಳಿಬರುವುದು ಸಹಜ.

ಈ ಬೇಡಿಕೆಗೆ ಆಧಾರ ಹುಡುಕುವವರು 2008ರ ರಾಷ್ಟ್ರೀಯ ಜಲವಿದ್ಯುತ್ ನೀತಿಯನ್ನು ತೋರಿಸುತ್ತಾರೆ. ಆ ನೀತಿಯಲ್ಲಿ ಯೋಜನೆಯ ವಿದ್ಯುತ್ತಿನ ನೂರಕ್ಕೆ ಒಂದು ಭಾಗವನ್ನು ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಗೆ ಉಚಿತವಾಗಿ ಕೊಡಬೇಕೆಂದಿದೆ. ಆದರೆ ಅದು ಹೊಸ ಯೋಜನೆಗಳನ್ನು ಕುರಿತದ್ದು. ಕಾಳಿ ಯೋಜನೆಗಳು ಅದಕ್ಕಿಂತ ಹಿಂದಿನವು, ರಾಜ್ಯದ ವಿದ್ಯುತ್ ನಿಗಮದವು. ಆದ್ದರಿಂದ 'ಕಾನೂನಿನಂತೆ ನಮಗೆ ಬರಬೇಕು' ಎಂದು ವಾದಿಸಿದರೆ ಮೊದಲ ಪ್ರಶ್ನೆಗೇ ಸೋಲುತ್ತೇವೆ. 'ಹೊಸ ಯೋಜನೆಗಳಿಗೆ ಒಪ್ಪಿದ ನ್ಯಾಯವನ್ನು ಹಳೆಯ ಯೋಜನೆಗಳಿಗೂ ರಾಜ್ಯ ಸರಕಾರ ತನ್ನ ನಿರ್ಣಯದಿಂದ ವಿಸ್ತರಿಸಲಿ' ಎಂದು ಕೇಳಿದರೆ ವಾದ ನಿಲ್ಲುತ್ತದೆ. ಹಕ್ಕಿನ ಮಾತು ಯಾವುದು, ನ್ಯಾಯದ ಮಾತು ಯಾವುದು ಎಂದು ಬೇರ್ಪಡಿಸಿ ಬರೆಯುವುದು ಮನವಿಯ ಬಲ.

7. ಕರ ಕೊಡುವ ಮಾತು

ಇನ್ನು ಹಿತವಲ್ಲದ ವಿಷಯ. 'ಸೇವೆ ಹೆಚ್ಚಿಸಿ, ಕರ ಹೆಚ್ಚಿಸಬೇಡಿ' ಎಂಬ ಎರಡು ಬೇಡಿಕೆಗಳು ಒಂದೇ ಹಾಳೆಯ ಮೇಲೆ ಇರುವುದನ್ನು ನಾವು ಎಷ್ಟೋ ಸಲ ನೋಡಿದ್ದೇವೆ.

ಪಂಚಾಯತ್ ರಾಜ್ ಕಾಯಿದೆಯ 199ನೆಯ ಕಲಮಿನಂತೆ ಗ್ರಾಮ ಪಂಚಾಯತಿ ಕಟ್ಟಡಗಳ ಮೇಲೆ, ಕೃಷಿ ಕಂದಾಯಕ್ಕೆ ಒಳಪಡದ ಭೂಮಿಯ ಮೇಲೆ ಕರ ಹಾಕುತ್ತದೆ. ನೀರಿಗೆ ದರ ಹಾಕುತ್ತದೆ. ಅಂದರೆ ನಮ್ಮ ಅಡಿಕೆ ತೋಟ, ಕಾಫಿ ಗಿಡ ಎಷ್ಟೇ ಫಸಲು ಕೊಟ್ಟರೂ ಪಂಚಾಯತಿಗೆ ತೋಟದ ಮೇಲೆ ಕರವಿಲ್ಲ. ಒಣ ಅಡಿಕೆ ಮಾರಿದಾಗ ನೂರಕ್ಕೆ 5ರಂತೆ ಜಿಎಸ್‌ಟಿ ಇದೆ, ಮಾರುಕಟ್ಟೆ ಶುಲ್ಕವಿದೆ. ಅವು ಕೇಂದ್ರಕ್ಕೆ, ರಾಜ್ಯಕ್ಕೆ, ಮಾರುಕಟ್ಟೆ ಸಮಿತಿಗೆ ಸಲ್ಲುತ್ತವೆ. 'ನಾವು ಇಷ್ಟು ತೆರಿಗೆ ಕಟ್ಟುತ್ತೇವೆ' ಎಂದು ಪಂಚಾಯತಿ ಕಟ್ಟೆಯ ಮೇಲೆ ಹೇಳುವಾಗ ಪಂಚಾಯತಿಗೆ ನಿಜವಾಗಿ ಕಟ್ಟುತ್ತಿರುವುದು ಮನೆ ತೆರಿಗೆ ಮತ್ತು ನೀರಿನ ದರ ಮಾತ್ರ ಎಂಬುದು ನೆನಪಿರಲಿ. ಅದರ ಜೊತೆ ವಸೂಲಾಗುವ ಗ್ರಂಥಾಲಯ ಕರ, ಭಿಕ್ಷುಕರ ಕರ ಮೊದಲಾದವು ಪಂಚಾಯತಿಯ ಸ್ವಂತದ್ದಲ್ಲ, ಆಯಾ ಉದ್ದೇಶಕ್ಕೆ ಮೀಸಲು.

ನೀರಿನ ದರದ ಮಾತು ಇನ್ನೂ ಸ್ಪಷ್ಟ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ತಲೆಗೆ ದಿನಕ್ಕೆ 55 ಲೀಟರು ನೀರು ಎಂಬ ಗುರಿ ಇಟ್ಟಿತು. ನಲ್ಲಿ ಹಾಕಿಸುವ ಹಣ ಸರಕಾರದಿಂದ ಬಂದೀತು. ಪಂಪಿನ ಕರೆಂಟು ಬಿಲ್ಲು, ಸುಟ್ಟ ಮೋಟರು, ಒಡೆದ ಪೈಪು, ನೀರು ಬಿಡುವವನ ಸಂಬಳ ಇವೆಲ್ಲ ಊರಿನ ಪಾಲಿಗೆ. ದರ ವಸೂಲಾಗದಿದ್ದರೆ ಎರಡೇ ವರ್ಷದಲ್ಲಿ ನಲ್ಲಿ ಅಲಂಕಾರಕ್ಕೆ ಉಳಿಯುತ್ತದೆ. ಬಡವರಿಗೆ ರಿಯಾಯಿತಿ ಇರಲಿ. ಎರಡು ಎಕರೆ ತೋಟವಿದ್ದವನು ಬಾಕಿ ಇಟ್ಟುಕೊಂಡು ಸಭೆಯಲ್ಲಿ ನೀರಿಲ್ಲವೆಂದು ಕೂಗುವುದು ಶೋಭಿಸದು.

ದಾಂಡೇಲಿ, ಜೋಯಿಡಾ ಕಡೆ ರೆಸಾರ್ಟು, ಹೋಮ್‌ಸ್ಟೇಗಳು ಬೆಳೆದಿವೆ. ಅವುಗಳ ಕಟ್ಟಡಗಳೆಲ್ಲ ಪಂಚಾಯತಿಯ ಕರ ದಾಖಲೆಯಲ್ಲಿವೆಯೇ, ಪರವಾನಿಗೆ ಶುಲ್ಕ ಬರುತ್ತಿದೆಯೇ, ಕಸದ ಖರ್ಚು ಯಾರ ಮೇಲೆ ಬೀಳುತ್ತಿದೆ ಎಂದು ಕೇಳುವುದು ಗ್ರಾಮಸಭೆಯ ಹಕ್ಕು. ಹೊಸ ಕರ ಹಾಕುವ ಮೊದಲು ಇರುವ ಕರವನ್ನು ಎಲ್ಲರಿಂದಲೂ ವಸೂಲು ಮಾಡಿ ಎಂಬ ಬೇಡಿಕೆ ನ್ಯಾಯವೂ ಹೌದು, ಲಾಭವೂ ಹೌದು. ತೋಟದ ಮನೆಯಲ್ಲೇ ಹೋಮ್‌ಸ್ಟೇ ನಡೆಸುವ ನಮ್ಮ ಸದಸ್ಯರಿಗೂ ಇದು ಅನ್ವಯಿಸುತ್ತದೆ.

8. ಲೆಕ್ಕ ಕೇಳುವ ಕ್ರಮ

ನಮ್ಮ ಸಂಘದ ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಅಢಾವೆ ಪತ್ರಿಕೆಯ ಸಾಲು ಸಾಲಿಗೂ ಪ್ರಶ್ನೆ ಬರುತ್ತದೆ. ಕಚೇರಿ ಖರ್ಚು ಏಕೆ ಏರಿತು, ಗೊಬ್ಬರದಲ್ಲಿ ನಷ್ಟ ಏಕೆ ಎಂದು ಸದಸ್ಯರು ಬಿಡದೆ ಕೇಳುತ್ತಾರೆ. ಒಳ್ಳೆಯದೇ. ಅದೇ ಸದಸ್ಯರು ಪಂಚಾಯತಿಯ ಜಮಾಬಂದಿಗೆ ಹೋಗುವುದು ಕಡಿಮೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಹಿಂದಿನ ಸಾಲಿನ ಜಮಾ ಖರ್ಚು, ಕಾಮಗಾರಿ, ವಸೂಲಿಗಳನ್ನು ಸಾರ್ವಜನಿಕವಾಗಿ ಪರಿಶೀಲಿಸುವ ಕ್ರಮಕ್ಕೆ ಜಮಾಬಂದಿ ಎಂದು ಹೆಸರು. ಮಳೆ, ಕೊಳೆ ರೋಗ, ಚೌತಿ ಹಬ್ಬದ ಗಡಿಬಿಡಿಯ ಕಾಲವಾದರೂ ಮನೆಗೊಬ್ಬರು ಹೋಗುವುದು ಅಗತ್ಯ.

ಅದಲ್ಲದೆ ಆರು ತಿಂಗಳಿಗೊಮ್ಮೆಯಾದರೂ ವಾರ್ಡುಸಭೆ ಮತ್ತು ಗ್ರಾಮಸಭೆ ಆಗಬೇಕೆಂದು ಕಾಯಿದೆಯಲ್ಲಿದೆ. ರಮೇಶ ಕುಮಾರ್ ಸಮಿತಿಯ ವರದಿಯ ನಂತರ 2015ರಲ್ಲಿ ಆದ ತಿದ್ದುಪಡಿಯಲ್ಲಿ ಅವುಗಳ ಕೆಳಗೆ ಜನವಸತಿ ಸಭೆಯನ್ನೂ ಸೇರಿಸಲಾಯಿತು. ಚದರಿದ ಮಜರೆಗಳ ನಮ್ಮ ಸೀಮೆಗೆ ಇದು ಹೇಳಿ ಮಾಡಿಸಿದಂತಿದೆ. ಹತ್ತು ಕಿಲೋಮೀಟರು ನಡೆದು ಗ್ರಾಮಸಭೆಗೆ ಬರಲಾಗದ ಹೆಂಗಸರು, ವೃದ್ಧರು ತಮ್ಮ ಮಜರೆಯಲ್ಲಿಯೇ ಕೂತು ತಮ್ಮ ಅಗತ್ಯವನ್ನು ಬರೆಸಬಹುದು. ಕಾಗದಗಳಿಗೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಶುಲ್ಕದ ಅರ್ಜಿ, 30 ದಿನಗಳ ಅವಧಿ. ಪ್ರಮಾಣಪತ್ರ ಮುಂತಾದ ಸೇವೆಗಳಿಗೆ 2012ರಿಂದ ಜಾರಿಯಲ್ಲಿರುವ ಸಕಾಲ. ಅರ್ಜಿ ಕೊಟ್ಟಾಗ ಸಕಾಲದ ಸಂಖ್ಯೆಯ ರಸೀದಿ ಕೇಳಿ ಪಡೆಯಿರಿ.

9. ಎರಡು ನಿದರ್ಶನಗಳು

ಮೊದಲನೆಯದು ಬೆಂಗಳೂರಿನದು. ಅಲ್ಲಿ 1994ರಲ್ಲಿ ಡಾ. ಸ್ಯಾಮ್ಯುಯೆಲ್ ಪಾಲ್ ಅವರ ನೇತೃತ್ವದಲ್ಲಿ ನಾಗರಿಕರು ಸಾರ್ವಜನಿಕ ಸೇವೆಗಳಿಗೆ ಅಂಕಪಟ್ಟಿ ತಯಾರಿಸಿದರು. ನೀರು, ವಿದ್ಯುತ್ತು, ಕಸ, ಆಸ್ಪತ್ರೆ ಒಂದೊಂದಕ್ಕೂ ಬಳಕೆದಾರರನ್ನೇ ಕೇಳಿ, ಶಾಲೆಯ ಮಕ್ಕಳಿಗೆ ಕೊಡುವಂತೆ ಅಂಕ ಕೊಟ್ಟು ಪ್ರಕಟಿಸಿದರು. ಅದನ್ನು 1999 ಮತ್ತು 2003ರಲ್ಲಿ ಪುನಃ ಮಾಡಿದರು. ಕೊನೆಯ ಸಲ ಅನೇಕ ಸೇವೆಗಳಲ್ಲಿ ಸುಧಾರಣೆ ಕಂಡಿತು. ಒಂದೇ ಪ್ರಶ್ನೆಯನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಕೇಳಿ ಅಳೆದದ್ದೇ ಅದರ ವಿಶೇಷ.

ಎರಡನೆಯದು ನಮ್ಮ ಜಿಲ್ಲೆಯದೇ. 2022ರ ಜುಲೈ ತಿಂಗಳಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಮಗುಚಿ ನಾಲ್ವರು ತೀರಿಕೊಂಡರು. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಆಗ ಕರಾವಳಿಯಿಂದ ಘಟ್ಟದವರೆಗೆ ಎದ್ದಿತು. ಪಕ್ಷ, ಜಾತಿ, ತಾಲ್ಲೂಕು ಎನ್ನದೆ ಜನ ಒಂದಾದದ್ದು ಅದರ ಬಲ. ಆದರೆ ಜೋಯಿಡಾದ ಮಜರೆಯಲ್ಲಿ ಹಾವು ಕಚ್ಚಿದವನಿಗೆ ಕಾರವಾರದ ದೊಡ್ಡ ಆಸ್ಪತ್ರೆಗಿಂತ ಮೊದಲು ಬೇಕಾದದ್ದು ಹತ್ತಿರದ ಕೇಂದ್ರದಲ್ಲಿ ಔಷಧಿ, ರಾತ್ರಿ ಇರುವ ವೈದ್ಯರು, ಓಡುವ ಆಂಬುಲೆನ್ಸ್. ದೊಡ್ಡ ಬೇಡಿಕೆಯ ನೆರಳಿನಲ್ಲಿ ಈ ಸಣ್ಣ ಬೇಡಿಕೆಗಳು ಮರೆಯಾಗದಂತೆ ನೋಡಿಕೊಳ್ಳುವುದು ತಾಲ್ಲೂಕು ಸಮಿತಿಗಳ ಕೆಲಸ.

10. ಮನವಿ ಬರೆಯುವ ಬಗೆ

ಮೇಲ್ಕಂಡ ವಿಚಾರಗಳಿಂದ ಕೆಲವು ಸೂತ್ರಗಳನ್ನು ಹೇಳಬಹುದು.

ಅ) ಒಂದು ಮನವಿಯಲ್ಲಿ ಒಂದೇ ಬೇಡಿಕೆ ಇರಲಿ. ಹದಿನೆಂಟು ಬೇಡಿಕೆಯ ಹಾಳೆ ಹದಿನೆಂಟು ವಿಭಾಗಗಳ ನಡುವೆ ಅಲೆಯುತ್ತದೆ.
ಆ) ಯಾರ ಅಧಿಕಾರದ ವಿಷಯ, ಯಾವ ಶೀರ್ಷಿಕೆಯ ಹಣ ಎಂಬುದು ಬರೆದಿರಲಿ.
ಇ) ಎಷ್ಟು ಮನೆ, ಎಷ್ಟು ದೂರ, ಮಳೆಗಾಲದಲ್ಲಿ ಎಷ್ಟು ದಿನ ದಾರಿ ಮುಚ್ಚುತ್ತದೆ ಎಂಬ ಲೆಕ್ಕ ಇರಲಿ.
ಈ) ಗ್ರಾಮಸಭೆಯ ಠರಾವಿನ ನಕಲು ಲಗತ್ತಾಗಿರಲಿ.
ಉ) ಊರಿನವರ ಪಾಲು ಏನು, ಶ್ರಮವೋ ಜಾಗವೋ ದರವೋ, ಅದನ್ನೂ ಹೇಳಿರಲಿ.
ಊ) ಆರು ತಿಂಗಳ ನಂತರ ಉತ್ತರ ಕೇಳುವವರು ಯಾರೆಂದು ಮೊದಲೇ ನಿಶ್ಚಯವಾಗಿರಲಿ.

ಅಭ್ಯಾಸಕ್ಕೆ ಪ್ರಶ್ನೆಗಳು

1) ತಮ್ಮ ಮನೆಯಿಂದ ಸಂಘದ ವಖಾರದವರೆಗಿನ ದಾರಿಯಲ್ಲಿ ಎಷ್ಟು ತುಂಡುಗಳಿವೆ? ಯಾವುದು ಯಾರ ಸ್ವಾಧೀನದಲ್ಲಿದೆ?
2) ತಮ್ಮ ಪಂಚಾಯತಿಗೆ ಕಳೆದ ಸಾಲಿನಲ್ಲಿ ಬಂದ ಅನುದಾನವೆಷ್ಟು? ಅದರಲ್ಲಿ ಮುಕ್ತ ಹಣವೆಷ್ಟು? ಎಷ್ಟು ಕಾಮಗಾರಿಗೆ ಹಂಚಿಹೋಯಿತು?
3) ಅದೇ ಸಾಲಿನಲ್ಲಿ ನೀರಿನ ದರದ ಬೇಡಿಕೆ ಎಷ್ಟು, ವಸೂಲು ಎಷ್ಟು, ಪಂಪಿನ ಕರೆಂಟು ಬಿಲ್ಲು ಎಷ್ಟು?
4) ತಮ್ಮ ಮಜರೆಯಲ್ಲಿ ಜನವಸತಿ ಸಭೆ ಕೊನೆಯದಾಗಿ ಯಾವಾಗ ನಡೆಯಿತು? ನಡಾವಳಿ ಪುಸ್ತಕದಲ್ಲಿ ಏನು ಬರೆದಿದೆ?
5) ಹಂಚಿಕೆಗೆ ಜನಸಂಖ್ಯೆ, ವಿಸ್ತೀರ್ಣ, ವಸತಿಗಳ ಸಂಖ್ಯೆ ಈ ಮೂರರಲ್ಲಿ ಯಾವುದಕ್ಕೆ ಎಷ್ಟು ತೂಕ ಕೊಟ್ಟರೆ ನಾಲ್ಕು ತಾಲ್ಲೂಕುಗಳಿಗೂ ಒಪ್ಪಿಗೆಯಾದೀತು? ಹಳಿಯಾಳದ ಬಯಲಿನ ಸದಸ್ಯರೊಬ್ಬರು, ಜೋಯಿಡಾದ ಮಜರೆಯ ಸದಸ್ಯರೊಬ್ಬರು ಎದುರುಬದುರು ಕೂತು ಚರ್ಚಿಸತಕ್ಕದ್ದು.

ಉತ್ತರಗಳನ್ನು ಗುಂಪಾಗಿ ಬರೆದು ಸಂಘದ ಕಚೇರಿಗೆ ತಲುಪಿಸಬೇಕೆಂದು ಕೋರುತ್ತೇವೆ. ಐದನೆಯ ಪ್ರಶ್ನೆಯ ಉತ್ತರಗಳನ್ನು ಕ್ರೋಡೀಕರಿಸಿ, ಮುಂದಿನ ಸರ್ವಸಾಧಾರಣ ಸಭೆಯ ಮುಂದೆ ಠರಾವಿನ ಕರಡು ಇಡಲಾಗುವುದು.